ಚಾರ್ಲ್ಸ್ ಲ್ಯಾಂಕಾಸ್ಟರ್: ನಾಲ್ಕು ನಳಿಗೆಯ ಪಿಸ್ತೂಲಿನ ಮೇಲೆ ಉಳಿದ ಹೆಸರು

ಆಯುಧವನ್ನು ಹಿಡಿದವರ ಹೆಸರು ಚರಿತ್ರೆಯಲ್ಲಿ ಸುಲಭವಾಗಿ ಉಳಿಯುತ್ತದೆ. ಅದನ್ನು ರಚಿಸಿದ ಕುಶಲಕರ್ಮಿಯ ಹೆಸರು ಉಳಿಯುವುದು ಅಪೂರ್ವ. ಆ ಅಪೂರ್ವ ಭಾಗ್ಯವನ್ನು ಪಡೆದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಲ್ಯಾಂಕಾಸ್ಟರನು ಒಬ್ಬನು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೂ ಆಫ್ರಿಕಕ್ಕೂ ಬಂದ ಆಂಗ್ಲ ಸೇನಾಧಿಕಾರಿಗಳಲ್ಲಿ ಕೆಲವರು ಸೊಂಟದಲ್ಲಿ ಧರಿಸುತ್ತಿದ್ದ ನಾಲ್ಕು ನಳಿಗೆಯ ಪಿಸ್ತೂಲು ಇವನ ಹೆಸರನ್ನೇ ಹೊತ್ತಿತ್ತು. ಆದರೆ ಆ ಪಿಸ್ತೂಲನ್ನು ಇವನು ಕಣ್ಣಾರೆ ಕಂಡವನಲ್ಲ. ಈ ವೈಚಿತ್ರ್ಯವನ್ನು ಅರಿಯಬೇಕಾದರೆ ನಾವು ಅವನ ಬಾಳನ್ನೇ ಅವಲೋಕಿಸಬೇಕು.

ಲ್ಯಾಂಕಾಸ್ಟರನು ಮೊದಲಿಗೆ ಕೇವಲ ನಳಿಗೆ ಮಾಡುವವನು. ಲಂಡನ್ನಿನ ಸುಪ್ರಸಿದ್ಧ ಬಂದೂಕುಗಾರನಾದ ಜೋಸೆಫ್ ಮ್ಯಾಂಟನ್ನನಿಗೆ ನಳಿಗೆಗಳನ್ನು ಸಿದ್ಧಪಡಿಸಿ ಕೊಡುತ್ತಿದ್ದನು. ಬಂದೂಕಿನ ಜೀವವಿರುವುದು ನಳಿಗೆಯಲ್ಲಿ. ಕೊರೆತವು ಕೂದಲೆಳೆಯಷ್ಟು ಓರೆಯಾದರೆ ಗುರಿ ಕೆಡುತ್ತದೆ. ಲೋಹವು ದುರ್ಬಲವಾದರೆ ಹಾರಿಸಿದವನ ಕೈಗೇ ಅಪಾಯ. ಆದರೂ ಗ್ರಾಹಕರ ಕಣ್ಣಿಗೆ ಬೀಳುತ್ತಿದ್ದುದು ಮ್ಯಾಂಟನ್ನನ ಹೆಸರು. ಲ್ಯಾಂಕಾಸ್ಟರನ ಗುರುತು ನಳಿಗೆಯ ಅಡಿಯಲ್ಲಿ ಒತ್ತಿದ ಎರಡು ಅಕ್ಷರಗಳು ಮಾತ್ರ.

1826ರಲ್ಲಿ ಮ್ಯಾಂಟನ್ನನು ದಿವಾಳಿಯಾದನು. ಅದೇ ವರ್ಷ, ಬೇಟೆಯ ಗ್ರಂಥದಿಂದ ಖ್ಯಾತನಾಗಿದ್ದ ಕರ್ನಲ್ ಪೀಟರ್ ಹಾಕರನ ಪ್ರೋತ್ಸಾಹದಿಂದ ಲ್ಯಾಂಕಾಸ್ಟರನು ನ್ಯೂ ಬಾಂಡ್ ಬೀದಿಯ 151ನೆಯ ಕಟ್ಟಡದಲ್ಲಿ ಸ್ವಂತ ಅಂಗಡಿಯನ್ನು ತೆರೆದನು. ಅಡಿಯಲ್ಲಿ ಅಡಗಿದ್ದ ಹೆಸರು ಈಗ ಮೇಲಕ್ಕೆ ಬಂದಿತು. ಎರಡು ದಶಕಗಳ ಕಾಲ ಆ ಹೆಸರಿಗೆ ಗೌರವವನ್ನು ಗಳಿಸಿ, 1847ರಲ್ಲಿ ಅವನು ಕಾಲವಾದನು.

ಮಕ್ಕಳಾದ ಚಾರ್ಲ್ಸ್ ವಿಲಿಯಂ ಮತ್ತು ಆಲ್ಫ್ರೆಡ್ ಉದ್ಯಮವನ್ನು ಮುಂದುವರಿಸಿದರು. ಗುಂಡು ತಿರುಗುತ್ತ ನೇರವಾಗಿ ಸಾಗಲೆಂದು ಇತರರು ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆಯುತ್ತಿದ್ದರು. ಚಾರ್ಲ್ಸ್ ವಿಲಿಯಮನು ಗೀರುಗಳನ್ನೇ ಬಿಟ್ಟು, ರಂಧ್ರವನ್ನು ತುಸು ಅಂಡಾಕಾರವಾಗಿ ತಿರುಚಿ ಕೊರೆದು ಅದೇ ಫಲವನ್ನು ಸಾಧಿಸಿದನು. 1878ರಲ್ಲಿ ಅವನು ತೀರಿಕೊಂಡ ಬಳಿಕ ಹೆನ್ರಿ ಥಾರ್ನ್ ಎಂಬವನು ಸಂಸ್ಥೆಯ ಒಡೆಯನಾದನು. ಅವನು ತನ್ನ ಹೆಸರನ್ನು ಹಿಂದಿಟ್ಟು, ಲ್ಯಾಂಕಾಸ್ಟರನ ಹೆಸರಿನಲ್ಲಿಯೇ ವ್ಯಾಪಾರವನ್ನು ನಡೆಸಿದನು.

ನಾಲ್ಕು ನಳಿಗೆಯ ಪಿಸ್ತೂಲು ಈ ಥಾರ್ನನ ಸೃಷ್ಟಿ. ಅದಕ್ಕೆ ಹಕ್ಕುಪತ್ರ ದೊರೆತುದು 1881ರಲ್ಲಿ. ಎರಡರ ಮೇಲೆ ಎರಡಾಗಿ ಜೋಡಿಸಿದ ನಳಿಗೆಗಳು ತಿರುಗುವುದಿಲ್ಲ. ಕುದುರೆಯನ್ನು ಎಳೆದಂತೆಲ್ಲ ಒಳಗಿನ ಬಡಿಯುವ ಭಾಗವು ಕಾಲು ಸುತ್ತು ತಿರುಗಿ, ಒಂದಾದ ಮೇಲೊಂದು ತೋಟಾವನ್ನು ಹೊಡೆಯುತ್ತದೆ. ನಳಿಗೆಗಳನ್ನು ಮುಂದಕ್ಕೆ ಬಾಗಿಸಿದರೆ ಖಾಲಿ ತೋಟಾಗಳು ಮೇಲೇಳುತ್ತವೆ. ರಿವಾಲ್ವರಿನಲ್ಲಿ ಉರುಳೆಗೂ ನಳಿಗೆಗೂ ನಡುವೆ ಹೊಗೆ ಸೋರುವ ಸಂದು ಇದರಲ್ಲಿಲ್ಲ. ಹಲವು ಪಿಸ್ತೂಲುಗಳಲ್ಲಿ ಹಿರಿಯನ ಮಗನು ಕಂಡುಹಿಡಿದ ಅಂಡಾಕಾರದ ಕೊರೆತವೇ ಇತ್ತು. ಕುದುರೆಯ ಎಳೆತವು ಬಿಗಿ, ಗುಂಡುಗಳು ನಾಲ್ಕೇ. 1887ರಲ್ಲಿ ಆಂಗ್ಲ ಸೇನೆಯು ಆರು ಗುಂಡುಗಳ ವೆಬ್ಲಿ ರಿವಾಲ್ವರನ್ನು ಅಂಗೀಕರಿಸಿತು. ಕ್ರಮೇಣ ಇದು ಹಿಂದೆ ಸರಿಯಿತು.

ಆ ನಾಲ್ಕು ನಳಿಗೆಗಳ ಎದುರಿನಲ್ಲಿ ನಿಲ್ಲಬೇಕಾದವರು ಪರಾಧೀನ ದೇಶಗಳ ಜನರೆಂಬುದನ್ನು ನಾವು ಮರೆಯಲಾಗದು. ಆಯುಧವನ್ನು ನಾವು ಹೊಗಳಲಾರೆವು. ಆದರೆ ಅಡಿಯಲ್ಲಿ ಎರಡಕ್ಷರವಾಗಿದ್ದ ಕಾಲದಲ್ಲಿಯೂ ಕೆಲಸದಲ್ಲಿ ಕೊರತೆ ಮಾಡದ ಕುಶಲಕರ್ಮಿಯೊಬ್ಬನು ಗಳಿಸಿದ ನಂಬಿಕೆಯು, ಅವನು ಅಳಿದ ಮೇಲೂ ಅನ್ಯನ ಕೃತಿಗೆ ಬೆಲೆಯನ್ನು ತಂದಿತೆಂಬುದು ವಿಚಾರಾರ್ಹವಾದ ಸಂಗತಿ.