ಜಮಖಂಡಿಯ ಮಹರ್ಷಿ ಶಿಂದೆ

ಮರಾಠಿ ಓದಿದವರಿಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರು ಚಿರಪರಿಚಿತ. ಕನ್ನಡ ವಿದ್ಯಾರ್ಥಿಗಳಲ್ಲಿ ಅದನ್ನು ಕೇಳಿದವರು ವಿರಳ. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತ ನನಗೆ ಇದೊಂದು ಸೋಜಿಗ. ಏಕೆಂದರೆ ಅವರು ಹುಟ್ಟಿ ಬೆಳೆದದ್ದು ಕನ್ನಡ ನೆಲದ ಜಮಖಂಡಿಯಲ್ಲಿ. ಮರಾಠಿ ಅರಸರ ಆಳ್ವಿಕೆಯಲ್ಲಿದ್ದ ಆ ಸಂಸ್ಥಾನದಲ್ಲಿ ಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ. ಮುಂದೆ ಈ ಎರಡು ಭಾಷೆಗಳ ನಂಟನ್ನು ಕುರಿತು ಅವರು ವಿದ್ವತ್ಪೂರ್ಣವಾಗಿ ಬರೆದದ್ದರ ಬೇರು ಇಲ್ಲಿಯೇ ಇದೆ.

1873ರ ಏಪ್ರಿಲ್ 23ರಂದು ವಾರಕರಿ ಸಂಪ್ರದಾಯದ ಮರಾಠಾ ಮನೆತನದಲ್ಲಿ ಜನಿಸಿದ ಶಿಂದೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ 1898ರಲ್ಲಿ ಪದವಿ ಪಡೆದರು. ವಕೀಲಿ ವೃತ್ತಿಯ ಕಡೆಗೆ ಹೊರಟಿದ್ದ ಅವರನ್ನು ಪ್ರಾರ್ಥನಾ ಸಮಾಜವು ಬೇರೆ ದಾರಿಗೆ ಸೆಳೆಯಿತು. 1901ರಿಂದ ಎರಡು ವರ್ಷ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಿ ಮರಳಿದ ಮೇಲೆ ಮುಂಬಯಿಯಲ್ಲಿ ಸಮಾಜದ ಪ್ರಚಾರಕರಾದರು. ಅಂದಿನ ವಿಲಾಯತಿ ಶಿಕ್ಷಣಕ್ಕೆ ದೊರೆಯಬಹುದಾಗಿದ್ದ ಹುದ್ದೆಗಳನ್ನು ನೆನೆದರೆ ಈ ಆಯ್ಕೆಯ ತೂಕ ತಿಳಿಯುತ್ತದೆ.

ಅಹ್ಮದ್‌ನಗರದ ಸಮೀಪದ ಭಿಂಗಾರದಲ್ಲಿ ಒಂದು ರಾತ್ರಿ ಅಸ್ಪೃಶ್ಯ ಸಮುದಾಯದವರು ಸೇರಿದ್ದ ಸಭೆಗೆ ಅವರು ಹೋಗಿದ್ದರು. ತಮ್ಮ ಬಾಳಿನ ಕೆಲಸ ಯಾವುದೆಂಬುದು ಅಲ್ಲಿ ಅವರಿಗೆ ನಿಶ್ಚಯವಾಯಿತು. ಆದರೆ ಅವರು ಮರುದಿನವೇ ಚಂದಾ ಎತ್ತಲು ಹೊರಡಲಿಲ್ಲ. 1901ರ ಜನಗಣತಿಯ ಅಂಕಿಗಳನ್ನು ಮುಂದಿಟ್ಟುಕೊಂಡು ಈ ಜನರ ಸಂಖ್ಯೆ ಎಷ್ಟು, ಯಾವ ಪ್ರಾಂತದಲ್ಲಿ ಎಷ್ಟು ಎಂದು ಲೆಕ್ಕ ಹಾಕಿದರು. ನನ್ನ ಮಟ್ಟಿಗೆ ಶಿಂದೆಯವರ ಹಿರಿಮೆ ಮೊದಲು ಕಾಣುವುದು ಇಲ್ಲಿಯೇ. ಕನಿಕರ ಒಂದು ದಿನ ಉಕ್ಕಿ ಮರುದಿನ ಆರಬಹುದು. ಲೆಕ್ಕ ಹಾಕಿ ಕುಳಿತವನು ಬಹುಕಾಲದ ಕೆಲಸಕ್ಕೆ ಸಿದ್ಧನಾದವನು.

1906ರ ಅಕ್ಟೋಬರ್ 18ರಂದು ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭವಾಯಿತು. ನಿರಾಶ್ರಿತರಿಗೆ ನೆರವಾಗುವ ಮಂಡಳಿ ಎಂಬರ್ಥದ ಮರಾಠಿ ಹೆಸರೂ ಅದಕ್ಕಿತ್ತು. ಅಧ್ಯಕ್ಷರಾದವರು ನ್ಯಾಯಮೂರ್ತಿ ನಾರಾಯಣ ಗಣೇಶ ಚಂದಾವರಕರ್. ಅವರೂ ಹೊನ್ನಾವರದಲ್ಲಿ ಹುಟ್ಟಿದವರು. ಶಾಲೆಯಿಂದ ಮೊದಲಾದ ಕೆಲಸಕ್ಕೆ ವಸತಿಗೃಹ, ಔಷಧಾಲಯ, ಹೊಲಿಗೆ ಮತ್ತು ಪುಸ್ತಕ ಕಟ್ಟುವ ತರಗತಿಗಳು ಸೇರಿಕೊಂಡವು. ಪುಣೆ, ಹುಬ್ಬಳ್ಳಿ, ಮದರಾಸು ಮೊದಲಾದೆಡೆ ಶಾಖೆಗಳಾದವು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿಯೇ ಇಂಥ ಸಂಸ್ಥೆ ಕಟ್ಟಿದ್ದರು. ಶಿಂದೆಯವರು ಅಲ್ಲಿಗೆ ಹೋಗಿ ರಂಗರಾಯರ ಕೆಲಸವನ್ನು ಕಣ್ಣಾರೆ ಕಂಡವರು.

ಬಿಡುವಿನ ವೇಳೆಯ ಪರೋಪಕಾರದಿಂದ ಈ ಕೆಲಸ ಸಾಗದೆಂಬುದು ಶಿಂದೆಯವರಿಗೆ ಸ್ಪಷ್ಟವಾಗಿತ್ತು. ಅದನ್ನೇ ಬದುಕಾಗಿ ಸ್ವೀಕರಿಸಿ, ಆ ಜನರ ನಡುವೆಯೇ ವಾಸಿಸುವ ಕಾರ್ಯಕರ್ತರು ಬೇಕಿತ್ತು. ಮೊದಲು ಅವರು ತಂದದ್ದು ತಮ್ಮ ಮನೆಯವರನ್ನೇ. ತಂಗಿ ಜನಾಬಾಯಿಗೆ ಅತ್ತೆಯ ಮನೆಯಲ್ಲಿ ಬಾಳು ಸಿಗಲಿಲ್ಲ. ಶಿಂದೆಯವರು ಆಕೆಯನ್ನು ಪುಣೆಯ ಹುಜೂರಪಾಗಾ ಶಾಲೆಯಲ್ಲಿ ಓದಿಸಿದರು. ಮುಂದೆ ಮಿಷನ್ನಿನ ಮಕ್ಕಳನ್ನು ಸಾಕಿ ಸಲಹಿದವರಲ್ಲಿ ಆಕೆ ಪ್ರಮುಖಳಾದಳು. ಎಲ್ಲರ ಬಾಯಲ್ಲಿ ಆಕೆ ಜನಾಕ್ಕ. ಮರಾಠಿಯವರು ಆಡುವ ಈ ‘ಅಕ್ಕ’ ನಮ್ಮ ಮಾತೇ ಎಂಬುದನ್ನು ಭಾಷಾಶಾಸ್ತ್ರದ ಪತ್ರಿಕೆಗೆ ಓದುತ್ತಿರುವವರು ಗಮನಿಸಬೇಕು. ಚರಿತ್ರೆ ಅಣ್ಣನಿಗೆ ಮಹರ್ಷಿ ಪದವಿ ಕೊಟ್ಟಿತು. ದಿನವೂ ಮಕ್ಕಳಿಗೆ ಉಣಿಸಿ ಮಲಗಿಸಿದ ತಂಗಿಗೆ ಒಂದೆರಡು ಸಾಲನ್ನಷ್ಟೇ ಉಳಿಸಿತು.

ಉರುಕುಂದದ ಈರಣ್ಣಸ್ವಾಮಿಯ ಶ್ರಾವಣದ ಜನಸಂದಣಿಯನ್ನು ಕಂಡ ನಿಮಗೆ ಹರಕೆಯ ನಂಬಿಕೆ ಎಷ್ಟು ಆಳವಾದುದೆಂದು ಹೇಳಬೇಕಾಗಿಲ್ಲ. ಆದರೆ ಹೆಣ್ಣುಮಗುವನ್ನೇ ಹರಕೆಯಾಗಿ ಒಪ್ಪಿಸುವುದು ಬೇರೆಯ ಮಾತು. ಜೇಜುರಿಯ ಖಂಡೋಬನಿಗೆ ‘ಮುರಳಿ’ ಬಿಡುವ ಪದ್ಧತಿಯನ್ನು ನಿಲ್ಲಿಸಲು ಶಿಂದೆಯವರು ಶ್ರಮಿಸಿದರು. ಆದವಾನಿ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಬಸವಿ ಬಿಡುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಇದು ದೂರದ ಕಥೆಯೆನಿಸದು.

1917ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಅಸ್ಪೃಶ್ಯತೆಯ ವಿರುದ್ಧ ನಿರ್ಣಯ ಅಂಗೀಕಾರವಾದುದರ ಹಿಂದೆ ಶಿಂದೆಯವರ ಪ್ರಯತ್ನವಿತ್ತು. ಮರುವರ್ಷ ಮುಂಬಯಿಯ ಪರಿಷತ್ತಿನಲ್ಲಿ ತಿಲಕರು ಅಸ್ಪೃಶ್ಯತೆಯನ್ನು ಖಂಡಿಸಿ ಮಾತನಾಡಿದರು. ಪ್ರತಿಜ್ಞಾಪತ್ರಕ್ಕೆ ಮಾತ್ರ ಸಹಿ ಹಾಕಲಿಲ್ಲ. ಸಭೆಯ ಮಾತಿಗೂ ಸಹಿಗೂ ನಡುವಿನ ಈ ಅಂತರದಲ್ಲಿಯೇ ಶಿಂದೆಯವರು ಬಾಳೆಲ್ಲ ಕೆಲಸ ಮಾಡಬೇಕಾಯಿತು.

ವಿರೋಧ ಇನ್ನೊಂದು ದಿಕ್ಕಿನಿಂದಲೂ ಬಂದಿತು. ಶಾಸನಸಭೆಗೆ ಅಸ್ಪೃಶ್ಯರ ಪ್ರತಿನಿಧಿಗಳು ಬರಬೇಕಾದ ಬಗೆಯನ್ನು ಕುರಿತು ಶಿಂದೆಯವರು ತಳೆದ ನಿಲುವನ್ನು 1920ರಲ್ಲಿ ನಾಗಪುರದ ಪರಿಷತ್ತಿನಲ್ಲಿ ಅಂಬೇಡ್ಕರ್ ಅವರು ಬಲವಾಗಿ ಖಂಡಿಸಿದರು. ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಬೇಕೆಂಬ ಆ ವಾದ ನ್ಯಾಯವಾದುದೆಂದೇ ನಾನು ಭಾವಿಸುತ್ತೇನೆ. ಸೇವೆ ಮಾಡುವವನು ಎಷ್ಟೇ ಪ್ರಾಮಾಣಿಕನಾಗಿರಲಿ, ಸೇವೆ ಪಡೆದವರ ಪರವಾಗಿ ಎಂದೆಂದಿಗೂ ಅವನೇ ಮಾತನಾಡಲಾಗದು. ಮಿಷನ್ನಿನ ಶಾಲೆಗಳಲ್ಲಿ ಓದಿದವರೂ ಆಡಳಿತ ತಮ್ಮ ಕೈಗೆ ಬರಲೆಂದು ಬಯಸತೊಡಗಿದ್ದರು. ಪುಣೆಯಲ್ಲಿ ಅಹಲ್ಯಾಶ್ರಮಕ್ಕೆ ಸ್ವಂತ ಕಟ್ಟಡ ಒದಗಿಸಿದ ಶಿಂದೆಯವರು 1923ರಲ್ಲಿ ಕಾರ್ಯಭಾರವನ್ನು ಬಿಟ್ಟುಕೊಟ್ಟರು. ಹದಿನೇಳು ವರ್ಷ ಬೆವರು ಸುರಿಸಿ ಕಟ್ಟಿದ್ದನ್ನು ಬಿಟ್ಟು ಬರುವ ನೋವು ಸಣ್ಣದಾಗಿರಲಾರದು.

ಆಗ ಅವರಿಗೆ ಐವತ್ತು ವರ್ಷ. ಆಮೇಲೆ ಕೆಲಕಾಲ ಮಂಗಳೂರಿನಲ್ಲಿ ಬ್ರಹ್ಮಸಮಾಜದ ಕೆಲಸ ಮಾಡಿದರು. ರೈತರ ಪರಿಷತ್ತುಗಳಲ್ಲಿ ದುಡಿದರು. 1930ರ ಕಾನೂನುಭಂಗ ಚಳವಳಿಯಲ್ಲಿ ಯರವಡಾ ಸೆರೆಮನೆ ಸೇರಿದರು. 1933ರಲ್ಲಿ ಭಾರತದ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತ ಅವರ ಗ್ರಂಥ ಹೊರಬಂದಿತು. ಜನಗಣತಿಯ ಅಂಕಿಗಳಿಂದ ಆರಂಭವಾದ ವಿಚಾರ ಅಲ್ಲಿ ಇತಿಹಾಸ, ಭಾಷೆ, ಧರ್ಮಗಳವರೆಗೂ ಹಬ್ಬಿದೆ. 1944ರ ಜನವರಿ 2ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಅವರ ಆತ್ಮವೃತ್ತ ‘ಮಾಝ್ಯಾ ಆಠವಣೀ ವ ಅನುಭವ’ ಮರಾಠಿಯಲ್ಲಿದೆ. ಜಮಖಂಡಿಯ ಬಾಲ್ಯದ ಪುಟಗಳಿಂದ ಅದನ್ನು ಓದತೊಡಗಿದರೆ ಕನ್ನಡದವರಿಗೆ ಪರಕೀಯವೆನಿಸದು.