ಹೆನ್ರಿ ಡ್ರೈಸ್‌ಡೇಲ್ ಡೇಕಿನ್

ಹೆನ್ರಿ ಡ್ರೈಸ್‌ಡೇಲ್ ಡೇಕಿನ್ (ಮಾರ್ಚ್ 12, 1880 – ಫೆಬ್ರವರಿ 10, 1952) ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ರಸಾಯನವಿಜ್ಞಾನಿ. ಪ್ರಾಣಿಗಳ ದೇಹದಲ್ಲಿ ನಡೆಯುವ ಉತ್ಕರ್ಷಣ ಕ್ರಿಯೆಗಳ ಅಧ್ಯಯನ ಇವರ ಮುಖ್ಯ ಕ್ಷೇತ್ರವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಾಯಗಳ ಸೋಂಕನ್ನು ತಡೆಯಲು ಇವರು ರೂಪಿಸಿದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವು ಇವರ ಹೆಸರಿನಿಂದಲೇ ‘ಡೇಕಿನ್ ದ್ರಾವಣ’ ಎಂದು ಪ್ರಸಿದ್ಧವಾಗಿದೆ. ಔಷಧಗಳಿಗೆ ಮಣಿಯದ ಬ್ಯಾಕ್ಟೀರಿಯಾಗಳು ಹೆಚ್ಚಿದ ಬಳಿಕ ಈ ಹಳೆಯ ದ್ರಾವಣ ಮತ್ತೆ ವೈದ್ಯರ ಗಮನ ಸೆಳೆದಿದೆ.

ಜನನ ಮತ್ತು ಶಿಕ್ಷಣ

ಡೇಕಿನ್ ಅವರು ಲಂಡನ್ನಿನಲ್ಲಿ ಜನಿಸಿದರು. ಬೆಳೆದದ್ದು ಲೀಡ್ಸ್ ನಗರದಲ್ಲಿ. ವಿದ್ಯಾರ್ಥಿ ದೆಸೆಯಲ್ಲಿಯೇ ಆ ನಗರದ ಅಧಿಕೃತ ವಿಶ್ಲೇಷಕರ ಬಳಿ ನೀರಿನ ಪರೀಕ್ಷೆಯ ಕೆಲಸ ಕಲಿತರು. ಅನಂತರ ಲೀಡ್ಸ್‌ನಲ್ಲಿ ಜೂಲಿಯಸ್ ಕೋಹೆನ್ ಅವರ ಮಾರ್ಗದರ್ಶನದಲ್ಲಿ ರಸಾಯನಶಾಸ್ತ್ರ ಅಭ್ಯಸಿಸಿದರು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಕೊಸೆಲ್ ಅವರೊಂದಿಗೆ ಕೆಲಸ ಮಾಡಿ 1904ರಲ್ಲಿ ಆರ್ಜಿನೇಸ್ ಎಂಬ ಕಿಣ್ವವನ್ನು ಕಂಡುಹಿಡಿದರು. 1905ರಲ್ಲಿ ನ್ಯೂಯಾರ್ಕ್‌ಗೆ ತೆರಳಿ ಕ್ರಿಶ್ಚಿಯನ್ ಹರ್ಟರ್ ಅವರ ಖಾಸಗಿ ಪ್ರಯೋಗಾಲಯವನ್ನು ಸೇರಿದರು.

ಉತ್ಕರ್ಷಣದ ಅಧ್ಯಯನ

ಒಂದು ವಸ್ತುವಿನ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಸಿದುಕೊಳ್ಳುವ ಕ್ರಿಯೆಗೆ ಉತ್ಕರ್ಷಣ ಎಂದು ಹೆಸರು. ಕೊಬ್ಬಿನಾಮ್ಲಗಳನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉತ್ಕರ್ಷಿಸಿದ ಡೇಕಿನ್, ದೇಹದೊಳಗೆ ಅವು ವಿಭಜನೆಗೊಳ್ಳುವ ರೀತಿಗೂ ಈ ಕ್ರಿಯೆಗೂ ಸಾಮ್ಯವಿದೆಯೆಂದು ತೋರಿಸಿದರು. 1909ರಲ್ಲಿ ಪ್ರಕಟವಾದ, ಪೆರಾಕ್ಸೈಡ್ ಬಳಸುವ ಮತ್ತೊಂದು ಕ್ರಿಯೆಗೆ ‘ಡೇಕಿನ್ ಕ್ರಿಯೆ’ ಎಂದೇ ಹೆಸರಿದೆ. ಪ್ರಾಣಿದೇಹದ ಉತ್ಕರ್ಷಣ ಮತ್ತು ಅಪಕರ್ಷಣಗಳನ್ನು ಕುರಿತ ಇವರ ಗ್ರಂಥ 1912ರಲ್ಲಿ ಹೊರಬಂದಿತು.

ಯುದ್ಧಕಾಲದ ಕಾರ್ಯ

1914ರಲ್ಲಿ ಯುದ್ಧ ಆರಂಭವಾದಾಗ ಡೇಕಿನ್ ತಮ್ಮ ಸೇವೆಯನ್ನು ಬ್ರಿಟನ್ನಿಗೆ ಒಪ್ಪಿಸಿದರು. ಫ್ರಾನ್ಸ್ ಮತ್ತು ಬೆಲ್ಜಿಯಂನ ಯುದ್ಧಭೂಮಿ ಬಹುಪಾಲು ಗೊಬ್ಬರ ಹಾಕಿ ಉತ್ತ ಹೊಲಗಳಾಗಿದ್ದವು. ಸಿಡಿಗುಂಡಿನ ಚೂರುಗಳು ಆ ಮಣ್ಣನ್ನೂ ಬಟ್ಟೆಯ ತುಣುಕುಗಳನ್ನೂ ಮಾಂಸದ ಆಳಕ್ಕೆ ಒಯ್ಯುತ್ತಿದ್ದವು. ಗಾಯ ಕೊಳೆತು ಅನೇಕ ಸೈನಿಕರು ಕೈಕಾಲುಗಳನ್ನು, ಪ್ರಾಣವನ್ನು ಕಳೆದುಕೊಳ್ಳುತ್ತಿದ್ದರು. ಪ್ರತಿಜೀವಕಗಳು ಆಗ ಇರಲಿಲ್ಲ. ಬಳಕೆಯಲ್ಲಿದ್ದ ನಂಜುನಿವಾರಕಗಳು ರಕ್ತ, ಕೀವುಗಳ ನಡುವೆ ಶಕ್ತಿಗುಂದುತ್ತಿದ್ದವು, ಇಲ್ಲವೇ ರೋಗಿಯ ಅಂಗಾಂಶವನ್ನೇ ಸುಡುತ್ತಿದ್ದವು.

ಡೇಕಿನ್ 200ಕ್ಕೂ ಹೆಚ್ಚು ವಸ್ತುಗಳನ್ನು ಪರೀಕ್ಷಿಸಿ ಹೈಪೋಕ್ಲೋರೈಟನ್ನು ಆಯ್ದುಕೊಂಡರು. ಈ ವಸ್ತು ಹೊಸದಲ್ಲ. ಬಟ್ಟೆ ಬಿಳುಪು ಮಾಡಲು, ಸೋಂಕು ಕಳೆಯಲು ಅದು ಬಹುಕಾಲದಿಂದ ಬಳಕೆಯಲ್ಲಿತ್ತು. ಆದರೆ ಅದರ ತೀಕ್ಷ್ಣ ಕ್ಷಾರಗುಣ ಚರ್ಮವನ್ನು ಸುಡುತ್ತಿತ್ತು. ಬೋರಿಕ್ ಆಮ್ಲ ಸೇರಿಸಿ ಆ ಕ್ಷಾರವನ್ನು ತಗ್ಗಿಸಿದ್ದು, ಸಾಂದ್ರತೆಯನ್ನು ಸುಮಾರು 0.5 ಶೇಕಡಾ ಮಟ್ಟದಲ್ಲಿ ನಿಲ್ಲಿಸಿದ್ದು ಡೇಕಿನ್ ಅವರ ಸಾಧನೆ. ಇದರ ವಿವರಗಳು 1915ರಲ್ಲಿ ಪ್ರಕಟವಾದವು.

ಫ್ರಾನ್ಸಿನ ಕಾಂಪಿಯೇನ್ ಆಸ್ಪತ್ರೆಯಲ್ಲಿ ನೊಬೆಲ್ ಪುರಸ್ಕೃತ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಅವರೊಡನೆ ಇದರ ಬಳಕೆಯ ಕ್ರಮ ರೂಪುಗೊಂಡಿತು. ಗಾಯದೊಳಗೆ ಬರುವಾಗ ದ್ರಾವಣ ಬೇಗನೆ ಸತ್ತ್ವ ಕಳೆದುಕೊಳ್ಳುವುದರಿಂದ, ಸಣ್ಣ ರಬ್ಬರ್ ಕೊಳವೆಗಳ ಮೂಲಕ ಸುಮಾರು ಎರಡು ಗಂಟೆಗಳಿಗೊಮ್ಮೆ ಹೊಸ ದ್ರಾವಣವನ್ನು ಹಾಯಿಸಲಾಗುತ್ತಿತ್ತು. ಸತ್ತ ಅಂಗಾಂಶವನ್ನು ಕತ್ತರಿಸಿ ತೆಗೆಯುವುದೂ ಈ ಚಿಕಿತ್ಸೆಯ ಭಾಗವಾಗಿತ್ತು. ಇದು ‘ಕ್ಯಾರೆಲ್–ಡೇಕಿನ್ ವಿಧಾನ’ವೆಂದು ಹೆಸರಾಯಿತು. 1917ರಲ್ಲಿ ಡೇಕಿನ್ ಅವರು ಎಡ್ವರ್ಡ್ ಡನ್‌ಹಮ್ ಅವರೊಡನೆ, ಸೈನಿಕರ ಕುಡಿಯುವ ನೀರನ್ನು ಶುದ್ಧಗೊಳಿಸುವ ಹ್ಯಾಲಜೋನ್ ಎಂಬ ಸಂಯುಕ್ತವನ್ನೂ ಪರಿಚಯಿಸಿದರು.

ಕಾರ್ಯವಿಧಾನ ಮತ್ತು ಮಿತಿಗಳು

ದ್ರಾವಣದಲ್ಲಿ ಉಂಟಾಗುವ ಹೈಪೋಕ್ಲೋರಸ್ ಆಮ್ಲ ಪ್ರಬಲ ಉತ್ಕರ್ಷಣಕಾರಿ. ಅದು ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಯುಕ್ತ ಭಾಗಗಳನ್ನೂ ಕೋಶಪೊರೆಯನ್ನೂ ಡಿಎನ್‌ಎಯನ್ನೂ ಏಕಕಾಲದಲ್ಲಿ ಹಾನಿಗೊಳಿಸುತ್ತದೆ. ಇಂತಹ ಒತ್ತಡಕ್ಕೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಮಾನವನ ಬಿಳಿರಕ್ತಕಣಗಳೂ ತಾವು ನುಂಗಿದ ರೋಗಾಣುಗಳನ್ನು ಕೊಲ್ಲಲು ಇದೇ ಆಮ್ಲವನ್ನು ತಯಾರಿಸುತ್ತವೆ.

ಪೆನಿಸಿಲಿನ್‌ನಂತಹ ಪ್ರತಿಜೀವಕ ಬ್ಯಾಕ್ಟೀರಿಯಾದ ನಿರ್ದಿಷ್ಟ ಕಾರ್ಯವೊಂದನ್ನು ತಡೆಯುತ್ತದೆ. ಆ ಒಂದು ಗುರಿ ಬದಲಾದರೆ ಔಷಧ ನಿಷ್ಫಲವಾಗಬಹುದು. ಅನೇಕ ಕಡೆ ಒಮ್ಮೆಗೇ ಬೀಳುವ ಉತ್ಕರ್ಷಣದ ಪೆಟ್ಟಿಗೆ ಪ್ರತಿರೋಧ ಬೆಳೆಸಿಕೊಳ್ಳುವುದು ಹೆಚ್ಚು ಕಷ್ಟ. ಆದರೂ ಅಸಾಧ್ಯವೆನ್ನಲಾಗದು: ಕೆಟಲೇಸ್‌ನಂತಹ ಕಿಣ್ವಗಳಿಂದ ಬ್ಯಾಕ್ಟೀರಿಯಾಗಳು ಪೆರಾಕ್ಸೈಡನ್ನು ಒಡೆಯಬಲ್ಲವು. ಉತ್ಕರ್ಷಣಕಾರಿಗಳಿಗೆ ಸ್ವಕೀಯ, ಪರಕೀಯ ಎಂಬ ಭೇದವೂ ಇಲ್ಲ. ಪ್ರಮಾಣ ಮೀರಿದರೆ ಗಾಯ ಮಾಯಿಸುವ ಜೀವಕೋಶಗಳೂ ಸಾಯುತ್ತವೆ. ಆದ್ದರಿಂದ ಈ ದ್ರಾವಣ ಮೈಮೇಲಿನ ಗಾಯಗಳಿಗೆ ಮಾತ್ರ ಸಲ್ಲುತ್ತದೆ; ರಕ್ತದಲ್ಲಿ ಹರಡಿದ ಸೋಂಕಿಗೆ ಇದು ಔಷಧವಲ್ಲ.

ಕೊನೆಯ ವರ್ಷಗಳು ಮತ್ತು ಪರಂಪರೆ

ಡೇಕಿನ್ 1916ರಲ್ಲಿ ಹರ್ಟರ್ ಅವರ ವಿಧವೆ ಸೂಸನ್ ಅವರನ್ನು ವಿವಾಹವಾದರು. ಹಡ್ಸನ್ ನದಿಯ ತೀರದ ಸ್ಕಾರ್‌ಬರೋದಲ್ಲಿ ನೆಲೆಸಿ ಸಂಶೋಧನೆ ಮುಂದುವರಿಸಿದರು. 1917ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1941ರಲ್ಲಿ ಅದರ ಡೇವಿ ಪದಕ ಇವರಿಗೆ ಸಂದವು. 1952ರಲ್ಲಿ ನಿಧನರಾದರು.

1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಡೇಕಿನ್ ದ್ರಾವಣದ ಬಳಕೆ ಕುಗ್ಗಿತು. 1961ರಲ್ಲಿ ಮೆಥಿಸಿಲಿನ್‌ಗೆ ಮಣಿಯದ ಸ್ಟ್ಯಾಫಿಲೋಕಾಕಸ್ ಬ್ರಿಟನ್ನಿನಲ್ಲಿ ವರದಿಯಾಯಿತು. ಬಳಿಕ ಇಂತಹ ಬ್ಯಾಕ್ಟೀರಿಯಾಗಳು ಜಗತ್ತಿನಾದ್ಯಂತ ಹರಡಿದವು. ಸುಟ್ಟಗಾಯ, ಹಾಸಿಗೆ ಹುಣ್ಣು, ಮಧುಮೇಹಿಗಳ ಕಾಲಿನ ಹುಣ್ಣು ಮುಂತಾದವುಗಳಲ್ಲಿ ಈ ದ್ರಾವಣವನ್ನು ಇಂದು ಮೂಲಕ್ಕಿಂತ ಹೆಚ್ಚು ತೆಳುವಾಗಿಸಿಯೂ ಬಳಸುತ್ತಾರೆ. ರೋಗಾಣುವನ್ನು ಕೊಂದು ರೋಗಿಯ ಅಂಗಾಂಶವನ್ನು ಉಳಿಸುವ ಪ್ರಮಾಣ ಯಾವುದೆಂಬ ಡೇಕಿನ್ ಅವರ ಪ್ರಶ್ನೆಯೇ ಈ ಕ್ಷೇತ್ರದ ಸಂಶೋಧನೆಯಲ್ಲಿ ಇಂದಿಗೂ ಮುಖ್ಯವಾಗಿದೆ.