ಕಬ್ಬಿಣದ ನೇಗಿಲಿನ ನಿರ್ಮಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಗ್ರಾಮವು ಇಬ್ಬರು ಪುರುಷರಿಂದ ಹೆಸರಾಯಿತು. ಮರಾಠಿ ಸಂಗೀತ ನಾಟಕದ ಆದ್ಯರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಅಲ್ಲಿ. ಅದೇ ಅಡ್ಡಹೆಸರಿನ ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಜನಿಸಿದ್ದೂ ಅಲ್ಲಿಯೇ. ಒಬ್ಬರು ರಂಗಭೂಮಿಯನ್ನು ಹಸನುಗೊಳಿಸಿದರು, ಇನ್ನೊಬ್ಬರು ಎರೆಭೂಮಿಯನ್ನು.

ಬಾಲಕ ಲಕ್ಷ್ಮಣನಿಗೆ ಶಾಲೆಯ ಪಾಠಗಳಿಗಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಆಸಕ್ತಿ ಹೆಚ್ಚು. 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದಾಗ ಚಿತ್ರಕಾರನಾಗುವ ಹಂಬಲವಿತ್ತು. ಆದರೆ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲವೆಂಬುದು ಅಲ್ಲಿ ಗೊತ್ತಾಯಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನಾವುದಿದ್ದೀತು? ಅವರು ಕುಂಚವನ್ನು ಕೆಳಗಿಟ್ಟು ಯಾಂತ್ರಿಕ ರೇಖಾಚಿತ್ರವನ್ನು ಅಭ್ಯಸಿಸಿದರು. ಅದರಲ್ಲಿ ಬಣ್ಣಕ್ಕೆ ಕೆಲಸವಿಲ್ಲ. ಗೆರೆ ಮತ್ತು ಅಳತೆಗಳೇ ಸರ್ವಸ್ವ. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಂಡಂತೆ ಬರೆದು, ಪ್ರತಿಯೊಂದು ಅಂಗದ ಅಳತೆಯನ್ನು ನಮೂದಿಸಿದರೆ, ಆ ವಸ್ತುವನ್ನು ಎಂದೂ ಕಾಣದ ಕಸಬುದಾರನೂ ಅದನ್ನು ನಿರ್ಮಿಸಬಲ್ಲನು. ಈ ವಿದ್ಯೆಯನ್ನೇ ಅವರು ಮುಂದೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ಬೋಧಿಸಿದರು.

1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮಣ್ಣನವರೊಡನೆ ಸೈಕಲ್ ವ್ಯಾಪಾರವನ್ನು ಆರಂಭಿಸಿದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳುಹಿಸುವುದು, ಅಣ್ಣ ಊರಲ್ಲಿ ಮಾರಿ ಜನರಿಗೆ ಸವಾರಿ ಕಲಿಸುವುದು, ಹೀಗೆ ನಡೆಯಿತು. ಮುಂಬಯಿಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರಿಗೆ ದೊರೆತಾಗ ಲಕ್ಷ್ಮಣರಾಯರು ರಾಜೀನಾಮೆಯಿತ್ತು ಬೆಳಗಾವಿಗೆ ಬಂದರು.

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ಮೊದಲು ಕೈಗೊಂಡದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ಎತ್ತುಗಳು ಎಲೆಯನ್ನು ತಿಂದು ದಂಟನ್ನು ತುಳಿದು ಬಿಡುತ್ತವೆ. ಸಣ್ಣದಾಗಿ ಕತ್ತರಿಸಿದರೆ ಎಲ್ಲವೂ ಹೊಟ್ಟೆಗೆ ಸೇರುತ್ತದೆ. ಬರಗಾಲದ ಸೀಮೆಯಲ್ಲಿ ಇದರ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಅನಂತರ ಅವರ ದೃಷ್ಟಿ ನೇಗಿಲಿನ ಮೇಲೆ ಬಿದ್ದಿತು.

ಮರದ ನೇಗಿಲು ಭೂಮಿಯನ್ನು ಗೀರುತ್ತದೆ, ಮಗುಚುವುದಿಲ್ಲ. ಕರಿಕೆಯ ಬೇರು ಆಳಕ್ಕಿಳಿದ ಎರೆಹೊಲದಲ್ಲಿ ಅದರ ಆಟ ನಡೆಯದು. ಕಬ್ಬಿಣದ ನೇಗಿಲಿನ ಕುಳವು ಮಣ್ಣನ್ನು ಅಡಿಯಿಂದ ಕೊಯ್ಯುತ್ತದೆ. ಕುಳದ ಮೇಲಿನ ಬಾಗಿದ ರೆಕ್ಕೆಯು ಆ ಹೆಂಟೆಯನ್ನು ಎತ್ತಿ ಪಕ್ಕಕ್ಕೆ ಮಗುಚಿ ಹಾಕುತ್ತದೆ. ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಸಂಪೂರ್ಣ ಗುಟ್ಟು ಆ ಬಾಗಿನಲ್ಲಿದೆ. ಬಾಗು ಹೆಚ್ಚಾದರೆ ಎತ್ತುಗಳಿಗೆ ಭಾರ, ಕಡಮೆಯಾದರೆ ಮಣ್ಣು ಹೊರಳದು.

ಅಂಥ ಅಂಗಗಳನ್ನು ಎರಕ ಹೊಯ್ಯುವುದು ಬೇರೆಯೇ ಒಂದು ವಿದ್ಯೆ. ಮೊದಲು ಮರದಲ್ಲಿ ಮಾದರಿಯನ್ನು ಕೆತ್ತಬೇಕು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕು. ಕರಗಿದ ಕಬ್ಬಿಣವನ್ನು ಅದರಲ್ಲಿ ಹೊಯ್ಯಬೇಕು. ಕಬ್ಬಿಣವು ಆರುತ್ತಾ ಕುಗ್ಗುವುದರಿಂದ ಮಾದರಿಯನ್ನು ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಭಾಗದಷ್ಟು ದೊಡ್ಡದಾಗಿ ಮಾಡುವುದುಂಟು. ಇದನ್ನು ಮರೆತರೆ ಒಂದಂಗದ ತೂತು ಇನ್ನೊಂದಕ್ಕೆ ಹೊಂದದು. ಲಕ್ಷ್ಮಣರಾಯರಿಗೆ ಇದನ್ನು ಕಲಿಸಲು ಗುರುಗಳಿರಲಿಲ್ಲ. ಅಮೇರಿಕದ ಯಂತ್ರೋದ್ಯಮ ಪತ್ರಿಕೆಗಳನ್ನು ತರಿಸಿ ಓದಿದರು. ಓದಿದ್ದನ್ನು ಕುಲುಮೆಯಲ್ಲಿ ಪರೀಕ್ಷಿಸಿದರು.

ನೇಗಿಲು ಸಿದ್ಧವಾಯಿತು. ಕೊಳ್ಳುವವರು ಬರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ನಂಬಿದ್ದರು. ಮೊದಲನೆಯ ಗಿರಾಕಿ ದೊರೆಯುವುದಕ್ಕೆ ಎರಡು ವರ್ಷಗಳು ಬೇಕಾದವು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮರದ ನೇಗಿಲು ಮುರಿದರೆ ಊರ ಬಡಿಗನಿದ್ದಾನೆ, ಕುಳ ಸವೆದರೆ ಕಮ್ಮಾರನಿದ್ದಾನೆ. ಇಬ್ಬರಿಗೂ ಸುಗ್ಗಿಯಲ್ಲಿ ಆಯ ಕೊಟ್ಟರಾಯಿತು. ಕಬ್ಬಿಣದ ನೇಗಿಲಿಗೆ ರೊಕ್ಕ ಎಣಿಸಬೇಕು, ಬಲವಾದ ಎತ್ತುಗಳು ಬೇಕು, ಅದು ಕೆಟ್ಟರೆ ಎಲ್ಲಿಗೆ ಹೋಗಬೇಕೆಂಬ ಚಿಂತೆ ಬೇರೆ. ರೈತನ ಸಂದೇಹಕ್ಕೆ ವಾದದಿಂದ ಉತ್ತರ ಕೊಡಲಾಗದು. ಉಪಕರಣವೇ ಹೊಲದಲ್ಲಿ ಉತ್ತರ ಹೇಳಬೇಕು. ಸವೆದ ಭಾಗವನ್ನಷ್ಟೇ ಕಳಚಿ ಹೊಸದನ್ನು ಬೋಲ್ಟಿನಿಂದ ಬಿಗಿಯುವಂತಿರಬೇಕು. ಒಂದು ನೇಗಿಲಿನ ಕುಳ ಇನ್ನೊಂದಕ್ಕೆ ತಪ್ಪದೆ ಹೊಂದಬೇಕು. ರೇಖಾಚಿತ್ರದ ಅಳತೆಗೂ ಒಕ್ಕಲಿಗನ ವಿಶ್ವಾಸಕ್ಕೂ ಇರುವ ನಂಟು ಇದೇ.

ಮಾರಾಟವು ಕುದುರುವ ಮೊದಲೇ ಬೆಳಗಾವಿಯ ಸ್ಥಳವನ್ನು ಪುರಸಭೆಯ ಯೋಜನೆಯೊಂದರ ಕಾರಣ ತೆರವು ಮಾಡಬೇಕಾಯಿತು. ಆ ಸಂಕಟದಲ್ಲಿ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ಕುಂಡಲ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿ, ಹತ್ತು ಸಾವಿರ ರೂಪಾಯಿ ಸಾಲ ಇವು ದೊರೆತವು. ಭೂಮಿಯೆಂದರೆ ಪಾಪಾಸುಕಳ್ಳಿಯೂ ನಾಗರಹಾವುಗಳೂ ತುಂಬಿದ ಬಂಜರು. 1910ರಲ್ಲಿ ಇಪ್ಪತ್ತೈದು ಜನ ಕೆಲಸಗಾರರು ಸಂಸಾರ ಸಮೇತ ಅಲ್ಲಿಗೆ ಹೋಗಿ ಕಳ್ಳಿ ಕಡಿದು ಊರು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾದವರನ್ನು ರಾತ್ರಿಯ ಕಾವಲಿಗೆ ನೇಮಿಸುವಷ್ಟು ನಂಬಿಕೆ ಯಜಮಾನರಿಗೆ ಮನುಷ್ಯರಲ್ಲಿತ್ತು. ಕಾಯಕವನ್ನು ಕುಲದಿಂದ ಅಳೆಯದ ಪರಂಪರೆಯಲ್ಲಿ ಬೆಳೆದವರಿಗೆ ಇದು ಅಪರಿಚಿತವೆನಿಸದು.

1914ರಲ್ಲಿ ಮಹಾಯುದ್ಧ ಆರಂಭವಾಗಿ ವಿದೇಶದ ಸಾಮಾನು ಬರುವುದು ನಿಂತಿತು. ಬೇಡಿಕೆ ಏರಿತು, ಆದರೆ ಕಬ್ಬಿಣವೇ ದುರ್ಲಭವಾಯಿತು. ಆಗ ಕೊಲ್ಲಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕೊಟ್ಟರು. ತೋಪುಗಳು ಕರಗಿ ನೇಗಿಲುಗಳಾದವು.

ಮುಂದಿನ ಕಥೆ ಉದ್ಯಮದ ವಿಸ್ತಾರದ್ದು. 1926ರಲ್ಲಿ ಕೇಂದ್ರಾಪಗಾಮಿ ಪಂಪು ಸಿದ್ಧವಾಯಿತು. ಮಗ ಶಂತನುರಾಯರು ಅಮೇರಿಕದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ ಬಂದು ಹೊಣೆ ಹೊತ್ತರು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ, ಲೇತುಗಳಿಗೆ ಹೆಸರಾಯಿತು. ಆ ಕಾರ್ಖಾನೆ ಇಂದು ಉಳಿದಿಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಂಪನಿ, ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಹುಟ್ಟಿದವು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನ ಹೊಂದಿದರು. 1969ರಲ್ಲಿ ಅವರ ಜನ್ಮಶತಾಬ್ದಿಗೆ ಅಂಚೆ ಇಲಾಖೆಯು ಸ್ಮಾರಕ ಚೀಟಿಯನ್ನು ಹೊರತಂದಿತು. ಬೆಳಗಾವಿಯಲ್ಲಿ ಒಂದು ಬೀದಿಗೆ ಇಂದಿಗೂ ಕಿರ್ಲೋಸ್ಕರ ರಸ್ತೆಯೆಂದೇ ಹೆಸರು.